ಮರೆವಿನ ಮೂಲ ಕಂಡ ವೈದ್ಯ ಆಲ್ಜೈಮರ್

ಅರುವತ್ತಕ್ಕೆ ಅರಳುಮರಳು ಎಂಬುದು ನಮ್ಮಲ್ಲಿ ಬಹಳ ಹಳೆಯ ಮಾತು. ಮನೆಯ ಹಿರಿಯರು ಕನ್ನಡಕವನ್ನು ಹಣೆಯ ಮೇಲೆ ಇಟ್ಟುಕೊಂಡು ಕೋಣೆಯೆಲ್ಲ ಹುಡುಕಿದರೂ ಇದೇ ಮಾತು, ಉಂಡು ಕೈತೊಳೆದ ಅರ್ಧ ಗಂಟೆಗೆ ತನಗೆ ಊಟವೇ ಬಡಿಸಲಿಲ್ಲವೆಂದು ದೂರಿದರೂ ಇದೇ ಮಾತು. ಎರಡಕ್ಕೂ ನಾವು ಒಂದೇ ನಗೆ ನಕ್ಕು ಸುಮ್ಮನಾಗುತ್ತೇವೆ. ಆದರೆ ಇವೆರಡೂ ಒಂದೇ ಬಗೆಯ ಮರೆವಲ್ಲ. ಮೊದಲನೆಯದು ಯಾವ ಪ್ರಾಯದವರಿಗೂ ಬರತಕ್ಕದ್ದು. ಎರಡನೆಯದರ ಹಿಂದೆ ಮೆದುಳಿನ ರೋಗವೊಂದು ಅಡಗಿರಬಹುದು. ಹೀಗೆ ಅಡಗಿದ್ದ ರೋಗವನ್ನು ಮೊದಲು ಪ್ರಶ್ನೆಗಳಿಂದಲೂ ಅನಂತರ ಸೂಕ್ಷ್ಮದರ್ಶಕದಿಂದಲೂ ಹಿಡಿದು ತೋರಿಸಿದವರು ಜರ್ಮನಿಯ ವೈದ್ಯ ಆಲೊಯಿಸ್ ಆಲ್ಜೈಮರ್. ರೋಗಕ್ಕೆ ಅಂಟಿಕೊಂಡ ಅವರ ಹೆಸರನ್ನು ಕೇಳದವರು ಇಂದು ಕಡಿಮೆ. ಅವರ ಬಾಳನ್ನು ಬಲ್ಲವರೂ ಕಡಿಮೆಯೇ.

1864ನೆಯ ಇಸವಿ ಜೂನ್ 14ರಂದು ಬವೇರಿಯಾ ಸೀಮೆಯ ಮಾರ್ಕ್ಟ್‌ಬ್ರೈಟ್ ಎಂಬ ಸಣ್ಣ ಪೇಟೆಯಲ್ಲಿ ಆಲ್ಜೈಮರರು ಜನಿಸಿದರು. ಮೈನ್ ನದಿಯ ದಡದ ಊರು ಅದು. ತಂದೆ ಎಡ್ವರ್ಡ್ ದಸ್ತಾವೇಜುಗಳನ್ನು ಪ್ರಮಾಣೀಕರಿಸುವ ನೋಟರಿ. ತಾಯಿ ತೆರೇಸಿಯಾ. ಮಕ್ಕಳ ವಿದ್ಯಾಭ್ಯಾಸಕ್ಕೆ ಅನುಕೂಲವಾಗಲೆಂದು ಕುಟುಂಬವು ಆಶಾಫೆನ್‌ಬುರ್ಗ್ ಪಟ್ಟಣಕ್ಕೆ ಬಿಡಾರ ಬದಲಿಸಿತು. ವೈದ್ಯಶಾಸ್ತ್ರದ ವ್ಯಾಸಂಗ ಬರ್ಲಿನ್, ಟ್ಯೂಬಿಂಗೆನ್, ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯಗಳಲ್ಲಿ ನಡೆಯಿತು. ಆ ಕಾಲದ ಜರ್ಮನ್ ವಿದ್ಯಾರ್ಥಿಗಳಲ್ಲಿ ಕತ್ತಿವರಸೆಯ ಹುಚ್ಚು ಬಹಳ. ನಮ್ಮ ಕಥಾನಾಯಕರ ಎಡಗೆನ್ನೆಯ ಮೇಲೂ ಅದರ ಗಾಯದ ಗುರುತೊಂದು ಕೊನೆಯವರೆಗೆ ಉಳಿದಿತ್ತು. 1887ರಲ್ಲಿ ಅವರು ಡಾಕ್ಟರ್ ಪದವಿಗಾಗಿ ಬರೆದ ಪ್ರಬಂಧದ ವಿಷಯ ಕಿವಿಯಲ್ಲಿ ಗುಗ್ಗೆ ಒಸರಿಸುವ ಗ್ರಂಥಿಗಳು! ವಿಷಯ ಚಿಕ್ಕದೆಂದು ನಗಬೇಕಾಗಿಲ್ಲ. ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕೂರುವ ತಾಳ್ಮೆಯನ್ನು ಕಲಿಸಿದ್ದು ಇಂತಹ ಕೆಲಸವೇ.

1888ರ ಕೊನೆಗೆ ಅವರು ಫ್ರಾಂಕ್‌ಫರ್ಟ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ವೈದ್ಯರಾಗಿ ಸೇರಿದರು. ಆ ಆಸ್ಪತ್ರೆಯ ಹಿಂದಿನ ಮುಖ್ಯಸ್ಥರಾಗಿದ್ದ ಹೈನ್ರಿಖ್ ಹೋಫ್‌ಮನ್ ಮಕ್ಕಳ ಚಿತ್ರಪದ್ಯಗಳನ್ನು ಬರೆದು ಹೆಸರಾದವರು. ಹೊಸ ಮುಖ್ಯಸ್ಥ ಎಮಿಲ್ ಸಿಯೋಲಿ ರೋಗಿಗಳನ್ನು ಕಟ್ಟಿಹಾಕುವ ಕ್ರಮವನ್ನು ಬಿಟ್ಟು, ಬೆಚ್ಚನೆಯ ನೀರಿನ ಸ್ನಾನ, ಮಾತುಕತೆ, ಬಯಲಿನ ಗಾಳಿ ಇವುಗಳಿಂದ ಸಮಾಧಾನಪಡಿಸುವ ಪದ್ಧತಿಯನ್ನು ನೆಚ್ಚಿದವರು. ಆಲ್ಜೈಮರರು ಈ ಪದ್ಧತಿಗೆ ಮನಸಾರೆ ಒಪ್ಪಿಕೊಂಡರು. ಮರುವರ್ಷ ಫ್ರಾನ್ಜ್ ನಿಸ್ಲ್ ಎಂಬ ಇನ್ನೊಬ್ಬ ತರುಣ ವೈದ್ಯ ಅಲ್ಲಿಗೆ ಬಂದರು. ಮೆದುಳಿನ ತೆಳುವಾದ ಪದರಗಳಿಗೆ ಬಣ್ಣ ಹಾಕಿ ಜೀವಕೋಶಗಳನ್ನು ಸ್ಪಷ್ಟವಾಗಿ ಕಾಣಿಸುವ ವಿದ್ಯೆ ನಿಸ್ಲ್ ಅವರ ಕೈಯಲ್ಲಿತ್ತು. ಹಗಲು ರೋಗಿಗಳ ಶುಶ್ರೂಷೆ, ರಾತ್ರಿ ಸೂಕ್ಷ್ಮದರ್ಶಕ ಎಂದು ಇಬ್ಬರು ಗೆಳೆಯರೂ ವರ್ಷಗಳನ್ನು ಕಳೆದರು.

ಫ್ರಾಂಕ್‌ಫರ್ಟಿನಲ್ಲಿಯೇ ಆಲ್ಜೈಮರರು ಸೆಸಿಲಿಯಾ ಗೈಸೆನ್‌ಹೈಮರ್ ಎಂಬ ಅನುಕೂಲಸ್ಥ ವಿಧವೆಯನ್ನು ವಿವಾಹವಾದರು. ಮೂವರು ಮಕ್ಕಳಾದರು. ಆದರೆ ಸಂಸಾರ ಸುಖ ದೀರ್ಘವಾಗಲಿಲ್ಲ. 1901ರ ಫೆಬ್ರವರಿಯಲ್ಲಿ ಸೆಸಿಲಿಯಾ ತೀರಿಕೊಂಡರು. ಮಕ್ಕಳನ್ನು ನೋಡಿಕೊಳ್ಳಲು ತಂಗಿ ಎಲಿಸಬೆತ್ ಬಂದು ನಿಂತರು. ದುಃಖವನ್ನು ಮರೆಯಲು ಆಲ್ಜೈಮರರು ಇನ್ನಷ್ಟು ಕೆಲಸದಲ್ಲಿ ಮುಳುಗಿದರು. ಆ ವರ್ಷದ ಕೊನೆಯಲ್ಲಿ ಅವರ ಮುಂದೆ ಬಂದು ಕುಳಿತ ರೋಗಿಯೇ ಅವರ ಹೆಸರನ್ನು ಲೋಕದಲ್ಲಿ ಉಳಿಸಿದ ಆಗುಸ್ಟೆ ಡೇಟರ್.

ಆಗುಸ್ಟೆ ರೈಲ್ವೆ ಗುಮಾಸ್ತರೊಬ್ಬರ ಹೆಂಡತಿ. ಪ್ರಾಯ 51 ಮಾತ್ರ. ಅಡಿಗೆ ಕೆಡಿಸುವುದು, ವಸ್ತುಗಳನ್ನು ಎಲ್ಲೋ ಅಡಗಿಸಿಡುವುದು, ಗಂಡನ ಮೇಲೆ ಇಲ್ಲದ ಸಂಶಯ, ಮನೆಯೊಳಗೆ ಗೊತ್ತುಗುರಿಯಿಲ್ಲದೆ ಅಲೆಯುವುದು ಇವೆಲ್ಲ ಹೆಚ್ಚಿದಾಗ ಗಂಡ ಆಕೆಯನ್ನು 1901ರ ನವೆಂಬರ್ 25ರಂದು ಆಸ್ಪತ್ರೆಗೆ ಸೇರಿಸಿದರು. ಮರುದಿನ ಆಲ್ಜೈಮರರು ಆಕೆಯ ಮಂಚದ ಬಳಿ ಕುಳಿತು ಪ್ರಶ್ನೆಗಳನ್ನು ಕೇಳತೊಡಗಿದರು. ತನ್ನ ಹೆಸರೇನು, ಗಂಡನ ಹೆಸರೇನು, ಈಗ ಇರುವುದು ಎಲ್ಲಿ? ಗಂಡನ ಹೆಸರು ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳಿದಳು. ಪೆನ್ಸಿಲು, ಲೇಖನಿ, ಹಣದ ಚೀಲ, ಬೀಗದ ಕೈ, ಚುಟ್ಟ ಇವುಗಳನ್ನು ಒಂದೊಂದಾಗಿ ತೋರಿಸಿದರೆ ಸರಿಯಾಗಿ ಹೆಸರಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಏನೇನು ತೋರಿಸಿದೆನೆಂದು ಕೇಳಿದರೆ ಯಾವುದೂ ನೆನಪಿಲ್ಲ. ಊಟಕ್ಕೆ ಹೂಕೋಸು ಮತ್ತು ಮಾಂಸ ತಿನ್ನುತ್ತಿರುವಾಗ ಏನು ತಿನ್ನುತ್ತಿರುವಿರೆಂದರೆ ಬಸಳೆಯಂತಹ ಒಂದು ಸೊಪ್ಪಿನ ಹೆಸರು ಹೇಳಿದಳು. ಹೆಸರು ಬರೆಯಲು ಹೇಳಿದರೆ ಶ್ರೀಮತಿ ಎಂಬುದಕ್ಕೆ ಸಮನಾದ ಮೊದಲ ಪದವನ್ನು ಬರೆದು ಮುಂದಿನದನ್ನು ಮರೆತಳು. ತನ್ನನ್ನು ತಾನೇ ಕಳೆದುಕೊಂಡಿದ್ದೇನೆ ಎಂಬ ಅರ್ಥದ ಮಾತನ್ನು ಆಕೆ ಮತ್ತೆ ಮತ್ತೆ ಆಡುತ್ತಿದ್ದಳೆಂದು ದಾಖಲೆಯಿದೆ.

ಆಲ್ಜೈಮರರು ಕೇಳಿದ ಪ್ರಶ್ನೆಗಳನ್ನೂ ಬಂದ ಉತ್ತರಗಳನ್ನೂ, ತಪ್ಪು ಉತ್ತರಗಳನ್ನೂ ಬಿಡದೆ, ಆಕೆ ನುಡಿದ ಹಾಗೆಯೇ ಬರೆದಿಟ್ಟರು. ಪ್ರಶ್ನೆಪತ್ರಿಕೆ ಮಾಡುವುದೂ ಉತ್ತರ ತಿದ್ದುವುದೂ ನಮ್ಮ ದಿನನಿತ್ಯದ ಕಸುಬು. ಆದ್ದರಿಂದ ಈ ಪ್ರಶ್ನಾವಳಿಯ ಸೂಕ್ಷ್ಮ ನಮಗೆ ಬೇಗ ಕಾಣುತ್ತದೆ. ವಸ್ತುವಿನ ಹೆಸರು ಹೇಳುವುದು ಒಂದು ಶಕ್ತಿ, ಕಂಡದ್ದನ್ನು ಐದು ನಿಮಿಷ ಮನಸ್ಸಿನಲ್ಲಿ ಹಿಡಿದಿಡುವುದು ಬೇರೆಯೇ ಶಕ್ತಿ. ಮೊದಲನೆಯದು ಉಳಿದಿರುವಾಗಲೇ ಎರಡನೆಯದು ಸೋರಿಹೋಗುತ್ತಿತ್ತು. ಎಲ್ಲವೂ ಕಲಸಿಹೋಗಿದೆ ಎಂದು ಒಂದೇ ಮಾತಿನಲ್ಲಿ ಮುಗಿಸದೆ, ಏನು ಉಳಿದಿದೆ, ಏನು ಹೋಗಿದೆ ಎಂದು ಅವರು ಬಿಡಿಸಿ ನೋಡಿದರು. ಇನ್ನೊಂದು ಸಂಗತಿಯೂ ಉಂಟು. ಪ್ರಶ್ನೆಗಳು ಆಕೆಯ ಮಾತಿನಲ್ಲಿ, ಆಕೆಗೆ ಪರಿಚಿತವಾದ ವಸ್ತುಗಳ ಬಗ್ಗೆ ಇದ್ದವು. ಇದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

1903ರಲ್ಲಿ ಆಲ್ಜೈಮರರು ಪ್ರಸಿದ್ಧ ಮನೋವೈದ್ಯ ಎಮಿಲ್ ಕ್ರೇಪೆಲಿನ್ ಅವರ ಜೊತೆ ಮ್ಯೂನಿಕ್ ನಗರಕ್ಕೆ ಹೋದರು. ಮೊದಲಲ್ಲಿ ಸಂಬಳದ ಹುದ್ದೆಯೂ ಇರಲಿಲ್ಲ. ಹೆಂಡತಿ ಬಿಟ್ಟುಹೋದ ಆಸ್ತಿಯ ಬಲದಿಂದ ಪ್ರಯೋಗಶಾಲೆಯ ಕೆಲಸ ಮಾಡಿದರು. ಊರು ಬಿಟ್ಟರೂ ಆಗುಸ್ಟೆಯನ್ನು ಅವರು ಮರೆಯಲಿಲ್ಲ. ಫ್ರಾಂಕ್‌ಫರ್ಟಿನಿಂದ ಆಕೆಯ ಸ್ಥಿತಿಯನ್ನು ವಿಚಾರಿಸುತ್ತಲೇ ಇದ್ದರು. 1906ರ ಏಪ್ರಿಲ್ 8ರಂದು ಆಕೆ ತೀರಿಕೊಂಡ ಸುದ್ದಿ ಬಂದಾಗ ರೋಗದ ಕಡತವನ್ನೂ ಮೆದುಳನ್ನೂ ತರಿಸಿಕೊಂಡರು. ಬೆಳ್ಳಿಯ ಲವಣದಿಂದ ಬಣ್ಣ ಕೊಟ್ಟು ನೋಡಿದಾಗ ಜೀವಕೋಶಗಳ ಹೊರಗೆ ಗಟ್ಟಿಯಾದ ಕಿಟ್ಟದಂತಹ ಚುಕ್ಕೆಗಳೂ, ಜೀವಕೋಶಗಳ ಒಳಗೆ ಸಿಕ್ಕುಬಿದ್ದ ನೂಲಿನಂತಹ ಗಂಟುಗಳೂ ಕಂಡವು. ಮೆದುಳೇ ಕುಗ್ಗಿಹೋಗಿತ್ತು.

ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗೆನ್ ನಗರದ ಮನೋವೈದ್ಯರ ಸಮ್ಮೇಳನದಲ್ಲಿ ಅವರು ಈ ವಿಷಯವನ್ನು ಮಂಡಿಸಿದರು. ಸಭೆಯಲ್ಲಿ ಒಬ್ಬರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪಾಠ ಮುಗಿದ ಮೇಲೆ ತರಗತಿ ಮೌನವಾಗಿದ್ದರೆ ಎಲ್ಲರಿಗೂ ಅರ್ಥವಾಗಿದೆ ಎಂದಲ್ಲ, ಯಾರಿಗೂ ಅರ್ಥವಾಗಲಿಲ್ಲ ಎಂದು ಅಧ್ಯಾಪಕರಾದವರು ಬಲ್ಲರು. ಮರುವರ್ಷ ಲೇಖನ ಅಚ್ಚಾಯಿತು. 1910ರಲ್ಲಿ ಕ್ರೇಪೆಲಿನ್ ತಮ್ಮ ಪಠ್ಯಗ್ರಂಥದ ಎಂಟನೆಯ ಆವೃತ್ತಿಯಲ್ಲಿ ಈ ರೋಗಕ್ಕೆ ಆಲ್ಜೈಮರರ ಹೆಸರನ್ನೇ ಇಟ್ಟರು.

ಗುರುವಾಗಿಯೂ ಆಲ್ಜೈಮರರು ದೊಡ್ಡವರು. ಅಮೆರಿಕದ ಕಪ್ಪು ಜನಾಂಗದ ವೈದ್ಯ ಸೊಲೊಮನ್ ಫುಲ್ಲರ್ ಸೇರಿದಂತೆ ಬೇರೆ ಬೇರೆ ದೇಶಗಳ ತರುಣರು ಅವರ ಮ್ಯೂನಿಕ್ ಪ್ರಯೋಗಶಾಲೆಯಲ್ಲಿ ಕಲಿತರು. ಒಬ್ಬೊಬ್ಬ ಶಿಷ್ಯನ ಮೇಜಿನ ಬಳಿ ಕುಳಿತು ವಿವರಿಸುತ್ತಾ ಸೇದುತ್ತಿದ್ದ ಚುಟ್ಟವನ್ನು ಅಲ್ಲಿಯೇ ಮರೆತು ಮುಂದಿನ ಮೇಜಿಗೆ ಹೋಗುತ್ತಿದ್ದರೆಂದೂ, ಸಂಜೆಗೆ ಪ್ರತಿ ಮೇಜಿನಲ್ಲೂ ಒಂದೊಂದು ಚುಟ್ಟದ ತುಂಡು ಸಿಗುತ್ತಿತ್ತೆಂದೂ ಹೇಳುತ್ತಾರೆ. ಮರೆವಿನ ರೋಗವನ್ನು ಕಂಡುಹಿಡಿದವರಿಗೂ ಇಂತಹ ಮರೆವು ಇತ್ತು, ಇದು ರೋಗವಲ್ಲ! 1912ರಲ್ಲಿ ಬ್ರೆಸ್ಲೌ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿ ನೇಮಕವಾದಾಗ, ಅಲ್ಲಿಗೆ ಹೋಗುವ ರೈಲಿನಲ್ಲಿಯೇ ಕಾಯಿಲೆ ಬಿದ್ದರು. ಹೃದಯಕ್ಕೆ ತಗಲಿದ ಬೇನೆಯಿಂದ ಪೂರ್ತಿ ಚೇತರಿಸಿಕೊಳ್ಳಲಿಲ್ಲ. 1915ರ ಡಿಸೆಂಬರ್ 19ರಂದು ನಿಧನರಾದರು. ಆಗ ಅವರ ಪ್ರಾಯ 51. ಆಗುಸ್ಟೆ ಅವರ ಮುಂದೆ ಬಂದು ಕುಳಿತಾಗ ಆಕೆಗೆ ಇದ್ದಷ್ಟೇ. ಫ್ರಾಂಕ್‌ಫರ್ಟಿನಲ್ಲಿ ಹೆಂಡತಿಯ ಪಕ್ಕದಲ್ಲಿ ಅವರ ಸಮಾಧಿಯಿದೆ.

ಅವರು ತೀರಿದ ಮೇಲೆ ಸುಮಾರು ಅರ್ಧ ಶತಮಾನ ಈ ರೋಗ ನಡುವಯಸ್ಸಿನ ಕೆಲವರಿಗೆ ಬರುವ ಅಪರೂಪದ ಬೇನೆ ಎಂದೇ ವೈದ್ಯಲೋಕ ಎಣಿಸಿತ್ತು. ಮುದುಕರ ಮರೆವು ಬರಿಯ ಮುಪ್ಪು ಎಂಬ ನಂಬಿಕೆ ನಿಂತೇ ಇತ್ತು. 1968ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಬ್ಲೆಸ್ಡ್, ಟಾಮ್ಲಿನ್ಸನ್, ರಾತ್ ಎಂಬ ಮೂವರು ಅದನ್ನು ಅಲುಗಾಡಿಸಿದರು. ವೃದ್ಧರು ಬದುಕಿರುವಾಗ ನೆನಪಿನ ಪ್ರಶ್ನೆಗಳನ್ನು ಕೇಳಿ ಅಂಕ ಹಾಕಿಟ್ಟು, ತೀರಿಕೊಂಡ ಮೇಲೆ ಮೆದುಳಿನಲ್ಲಿರುವ ಚುಕ್ಕೆಗಳನ್ನು ಎಣಿಸಿದರು. ನೆನಪು ಕುಂದಿದವರಲ್ಲಿ ಚುಕ್ಕೆಗಳು ಹೆಚ್ಚಾಗಿದ್ದವು. ಆಲ್ಜೈಮರರು ಒಬ್ಬಳಲ್ಲಿ ಕಂಡದ್ದನ್ನು ಇವರು ಹಲವರಲ್ಲಿ ಕಂಡರು. ಮಂಚದ ಬಳಿಯ ಪ್ರಶ್ನೆಗೂ ಸೂಕ್ಷ್ಮದರ್ಶಕದ ಕೆಳಗಿನ ಚುಕ್ಕೆಗೂ ಸಂಬಂಧವಿದೆ ಎಂದು ಲೆಕ್ಕದಿಂದ ಸ್ಥಾಪಿತವಾಯಿತು.

1975ರಲ್ಲಿ ಅಮೆರಿಕದ ಫೋಲ್‌ಸ್ಟೈನ್ ದಂಪತಿ ಮತ್ತು ಮೆಕ್‌ಹ್ಯೂ ಸೇರಿ ಹತ್ತು ನಿಮಿಷದೊಳಗೆ ಮುಗಿಯುವ 30 ಅಂಕಗಳ ಕಿರುಪರೀಕ್ಷೆಯೊಂದನ್ನು ರಚಿಸಿದರು. ಇಂದು ಯಾವ ವಾರ, ಯಾವ ತಿಂಗಳು? ಇದು ಯಾವ ಊರು? ಮೂರು ಪದಗಳನ್ನು ಕೇಳಿ ಸ್ವಲ್ಪ ಹೊತ್ತಿನ ಮೇಲೆ ಹೇಳಬೇಕು. ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು. ಪೆನ್ಸಿಲನ್ನೂ ಕೈಗಡಿಯಾರವನ್ನೂ ಹೆಸರಿಸಬೇಕು. ಒಂದು ವಾಕ್ಯ ಬರೆಯಬೇಕು, ಒಂದರ ಮೇಲೊಂದು ಕೂತ ಎರಡು ಪಂಚಕೋನಗಳನ್ನು ನೋಡಿ ಬಿಡಿಸಬೇಕು. 2005ರಲ್ಲಿ ಕೆನಡಾದ ನಸ್ರುದ್ದೀನ್ ಎಂಬವರು ಇನ್ನೂ ಮೊದಲ ಹಂತದ ಮರೆವನ್ನು ಹಿಡಿಯುವ ಮತ್ತೊಂದು ಪರೀಕ್ಷೆಯನ್ನು ಪ್ರಕಟಿಸಿದರು. ಅದರಲ್ಲಿ ಗಡಿಯಾರದ ಚಿತ್ರ ಬರೆದು ಹೇಳಿದ ಗಂಟೆಗೆ ಮುಳ್ಳು ಇಡಬೇಕು. ಇಂತಹ ಪರೀಕ್ಷೆಗಳನ್ನು ಜರಡಿಗೆ ಹೋಲಿಸಬಹುದು. ಜರಡಿ ರೋಗವನ್ನು ನಿರ್ಣಯಿಸುವುದಿಲ್ಲ. ಯಾರನ್ನು ಹೆಚ್ಚಿನ ತಪಾಸಣೆಗೆ ಕಳುಹಿಸಬೇಕು ಎಂದು ಮಾತ್ರ ಹೇಳುತ್ತದೆ.

ಆದರೆ ಜರಡಿಯ ಕಣ್ಣು ಧಾನ್ಯಕ್ಕೆ ತಕ್ಕಂತೆ ಇರಬೇಕಷ್ಟೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ವಾಕ್ಯ ಬರೆಯಲಿಲ್ಲವೆಂದರೆ ಅದು ಮರೆವಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ಮೇರಿ ಗಂಗೂಲಿ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಹಿಂದಿ ಪರೀಕ್ಷೆ ಈ ತೊಡಕನ್ನು ನೀಗಿಸಿತು. ಬರೆಯುವ ಬದಲು ತಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಬೇಕು. ಏಳೇಳು ಕಳೆಯುವ ಬದಲು ಇಪ್ಪತ್ತರಿಂದ ಮೂರುಮೂರು ಕಳೆಯಬೇಕು. ಓದಿ ಕಣ್ಣು ಮುಚ್ಚುವ ಬದಲು ಎದುರಿನವರು ಮಾಡಿದಂತೆ ಮಾಡಬೇಕು. ಅಳೆಯುವುದು ಅದೇ ಶಕ್ತಿಯನ್ನು, ಅಳತೆಗೋಲು ಮಾತ್ರ ಅವರ ಬದುಕಿನದು.

ಲಿಪಿಯ ತೊಡಕಿಗಿಂತ ಭಾಷೆಯ ತೊಡಕು ಇನ್ನೂ ಆಳವಾದದ್ದು. ಅದು ಗಡಿಯಾಚೆಯ ಕನ್ನಡಿಗರಾದ ನಮ್ಮನ್ನು ನೇರವಾಗಿ ತಟ್ಟುವಂತಹದು. ತಮಿಳುನಾಡಿನ ಕೊಯಮುತ್ತೂರು ಜಿಲ್ಲೆಯನ್ನೂ, 2009ರಲ್ಲಿ ರೂಪುಗೊಂಡ ತಿರುಪ್ಪೂರು ಜಿಲ್ಲೆಯನ್ನೂ ನೋಡೋಣ. ಅಲ್ಲಿ ತಲೆಮಾರುಗಳಿಂದ ನೆಲೆಸಿದ ದೇವಾಂಗ ನೇಕಾರರಲ್ಲಿ, ಒಕ್ಕಲಿಗ ಬೇಸಾಯಗಾರರಲ್ಲಿ ಅನೇಕರ ಮನೆಮಾತು ಕನ್ನಡ. ಶಾಲೆ, ಸಂತೆ, ಆಸ್ಪತ್ರೆ ಎಲ್ಲ ತಮಿಳು. ಅವರ ಕನ್ನಡದಲ್ಲಿ ತಮಿಳು ಬೆರೆತಿದೆ. ಕನ್ನಡ ಅಕ್ಷರ ಅನೇಕರಿಗೆ ಬಾರದು. ಸಿರುಮುಗೈಯಂತಹ ನೇಕಾರರ ಊರಿನ ಒಬ್ಬ ಹಿರಿಯರನ್ನು ಊಹಿಸಿಕೊಳ್ಳಿ. ತಮಿಳು ಪ್ರಶ್ನೆಪತ್ರಿಕೆ ಅವರಿಗೆ ಹೊರಗಿನ ಮಾತು. ಬೆಂಗಳೂರಿನ ಪುಸ್ತಕದ ಕನ್ನಡದ ಪ್ರಶ್ನೆಪತ್ರಿಕೆಯೂ ಹೊರಗಿನದೇ. ಜೀವಮಾನವೆಲ್ಲ ಲಾಳಿ ಹಿಡಿದ ಕೈಗೆ ಪೆನ್ಸಿಲು ಕೊಟ್ಟು ಪಂಚಕೋನ ಬರೆಯಿರಿ ಎಂದರೆ ಏನು ಬಂದೀತು? ಆದರೆ ಸೀರೆಯ ಅಂಚಿನ ಎಳೆಗಳ ಲೆಕ್ಕ ಅವರಿಗೆ ಬಾಯಿಪಾಠ. ಆ ಲೆಕ್ಕ ತಪ್ಪತೊಡಗಿದ ದಿನ ಮೊದಲು ಗೊತ್ತಾಗುವುದು ಡಾಕ್ಟರಿಗಲ್ಲ, ಪಕ್ಕದ ಮಗ್ಗದವರಿಗೆ. ಮಕ್ಕಳೆಲ್ಲ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಹೊರಟುಹೋದ ಮನೆಯಲ್ಲಿ ಅದನ್ನು ಗಮನಿಸುವವರೇ ಇರುವುದಿಲ್ಲ.

ನಮ್ಮ ಕಾಸರಗೋಡಿನ ಮಾತೂ ಬೇರೆಯಲ್ಲ. ಇಲ್ಲಿನ ಕನ್ನಡಿಗರಲ್ಲಿ ಮನೆಯೊಳಗೆ ತುಳು ಆಡುವವರು, ಹವ್ಯಕ ಭಾಷೆ ಆಡುವವರು, ಕೊಂಕಣಿ, ಮರಾಟಿ ಆಡುವವರು ಇದ್ದಾರೆ. ಕನ್ನಡದಲ್ಲಿ ಓದಿದ್ದಾರೆ, ಪೇಟೆಯಲ್ಲಿ ಮಲಯಾಳ ಆಡುತ್ತಾರೆ. ಇದು ಯಾವ ತಿಂಗಳೆಂದು ಕೇಳಿದರೆ ಅಜ್ಜಿ ಆಟಿ ಎನ್ನುತ್ತಾರೆ. ಅದೇ ಮಳೆಯ ತಿಂಗಳು ಮಲಯಾಳಿಗೆ ಕರ್ಕಡಕ, ಕೊಯಮುತ್ತೂರಿನವರಿಗೆ ಆಡಿ, ಪ್ರಶ್ನೆಪತ್ರಿಕೆಯಲ್ಲಿ ಜುಲೈ ಅಥವಾ ಆಗಸ್ಟ್. ಅಜ್ಜಿಯ ಉತ್ತರ ಸರಿ. ಅದನ್ನು ತಪ್ಪೆಂದು ಗುರುತು ಹಾಕಿದರೆ ತಪ್ಪು ಪರೀಕ್ಷಕರದು. ಇನ್ನೂ ಒಂದು ಮಾತಿದೆ. ಮರೆವಿನ ರೋಗ ಬೆಳೆದಂತೆ, ಪ್ರಾಯಕ್ಕೆ ಬಂದ ಮೇಲೆ ಕಲಿತ ಭಾಷೆ ಮೊದಲು ಹಿಂಜರಿದು, ತಾಯಿಯ ಮಾತು ಹೆಚ್ಚು ಕಾಲ ಉಳಿಯುವುದು ಅನೇಕರಲ್ಲಿ ಕಂಡುಬರುತ್ತದೆ. ಹೊರಗಿನ ಭಾಷೆಯಲ್ಲಿ ಮಾತ್ರ ಕೇಳಿದರೆ ರೋಗವಿಲ್ಲದವರಿಗೆ ರೋಗದ ಹಣೆಪಟ್ಟಿ ಬೀಳಬಹುದು. ಭಾಷೆ ಬಾರದ್ದರಿಂದ ಹೀಗಾಯಿತೆಂದು ಸುಮ್ಮನಾದರೆ ನಿಜವಾದ ರೋಗ ತಪ್ಪಿಸಿಕೊಳ್ಳಲೂಬಹುದು.

ಸಮಾಧಾನದ ಸಂಗತಿಯೂ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಸಿದ್ಧವಾಗಿ 2020ರಲ್ಲಿ ಪ್ರಕಟವಾದ ನೆನಪು ಮತ್ತು ಬುದ್ಧಿಶಕ್ತಿಯ ಪರೀಕ್ಷಾ ಸಂಚಯದಲ್ಲಿ ಹಿಂದಿ, ಬಂಗಾಳಿ, ತೆಲುಗುಗಳ ಜೊತೆಗೆ ಕನ್ನಡವೂ ಮಲಯಾಳವೂ ಸೇರಿವೆ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಇನ್ನೊಂದು ಕುತೂಹಲದ ಸಂಗತಿಯನ್ನು ಪ್ರಕಟಿಸಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಈ ಬಗೆಯ ಮರೆವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಓದುಬರಹ ಬಾರದವರಲ್ಲಿಯೂ ಹೀಗೆಯೇ. ಬೇರೆ ಕಡೆಯ ಎಲ್ಲ ಸಂಶೋಧನೆಗಳೂ ಇದನ್ನು ಒಪ್ಪಿಲ್ಲ. ಆದರೂ ನಾಲ್ಕಾರು ಭಾಷೆಗಳ ನಡುವೆ ಬಾಳುವ ನಮ್ಮ ಜಿಲ್ಲೆಯವರು ಹಲವು ಭಾಷೆಗಳನ್ನು ಹೊರೆಯೆಂದು ಎಣಿಸಬೇಕಾಗಿಲ್ಲ ಎಂಬುದಕ್ಕೆ ಇದೊಂದು ಕಾರಣ.

ಗುಣವಾಗದ ರೋಗವನ್ನು ಬೇಗ ಕಂಡು ಪ್ರಯೋಜನವೇನು ಎಂದು ಕೆಲವರು ಕೇಳುವುದುಂಟು. ಮರೆವೆಲ್ಲ ಆಲ್ಜೈಮರ್ ರೋಗವಲ್ಲ. ಥೈರಾಯ್ಡ್ ಗ್ರಂಥಿಯ ಕೊರತೆ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಔಷಧಿಗಳು ಇವುಗಳಿಂದಲೂ ನೆನಪು ಮಂಕಾಗುತ್ತದೆ, ಇವುಗಳಿಗೆ ಚಿಕಿತ್ಸೆಯಿದೆ. ಕಿವಿ ಕೇಳಿಸದೆ, ಕಣ್ಣಿಗೆ ಪೊರೆ ಬಂದು ಉತ್ತರ ತಪ್ಪುವವರೂ ಇದ್ದಾರೆ. ನಿಜವಾಗಿಯೂ ಆಲ್ಜೈಮರ್ ರೋಗವೇ ಆಗಿದ್ದರೂ, ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಜಾಗದ ಕಾಗದಪತ್ರ, ಬ್ಯಾಂಕಿನ ವ್ಯವಹಾರಗಳ ಬಗ್ಗೆ ಹಿರಿಯರು ತಮ್ಮ ಇಚ್ಛೆಯನ್ನು ಹೇಳಬಹುದು. ಮದ್ದಿನ ಗುಳಿಗೆಯನ್ನು ಎರಡು ಸಲ ನುಂಗುವ, ಒಲೆ ಆರಿಸಲು ಮರೆಯುವ ಅಪಾಯಗಳಿಗೆ ಮನೆಯವರು ಮುಂಚಿತವಾಗಿ ಜಾಗ್ರತೆ ಮಾಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಹಟಮಾರಿತನವೆಂದು ಬೈಯುವುದು ನಿಲ್ಲುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಇಷ್ಟು ಮನೆಗಳಲ್ಲಿ ಬೈಗಳು ನಿಂತರೆ ಅದೇನು ಸಣ್ಣ ಲಾಭವೇ?

ಆದ್ದರಿಂದ ಮನೆಯ ಹಿರಿಯರನ್ನು ಇಂತಹ ಪರೀಕ್ಷೆಗೆ ಕರೆದೊಯ್ಯುವವರು ಕೆಲವು ಸಂಗತಿಗಳನ್ನು ಗಮನಿಸುವುದು ಒಳ್ಳೆಯದು. ಅವರು ಮನೆಯಲ್ಲಿ ಆಡುವ ಮಾತು ಯಾವುದು, ಎಷ್ಟನೆಯ ಕ್ಲಾಸಿನವರೆಗೆ ಓದಿದ್ದಾರೆ ಎಂಬುದನ್ನು ಡಾಕ್ಟರಿಗೆ ಮೊದಲೇ ತಿಳಿಸಬೇಕು. ಆ ಮಾತಿನಲ್ಲಿ ಕೇಳುವವರು ಇದ್ದಾರೆಯೇ ಎಂದು ವಿಚಾರಿಸಲು ಸಂಕೋಚಪಡಬಾರದು. ಮನೆಯಲ್ಲಿ ಕಂಡ ಬದಲಾವಣೆಗಳನ್ನು, ಅವು ಯಾವಾಗ ಶುರುವಾದವೆಂಬುದನ್ನು ಒಂದು ಕಾಗದದಲ್ಲಿ ಬರೆದು ಒಯ್ಯಬೇಕು. ಪ್ರಶ್ನೆ ಕೇಳುವಾಗ ಪಕ್ಕದಲ್ಲಿ ಕುಳಿತ ಮಗನೋ ಸೊಸೆಯೋ ಉತ್ತರ ಹೇಳಿಕೊಡಬಾರದು. ಪರೀಕ್ಷೆಯ ಕೊಠಡಿಯಲ್ಲಿ ಹೇಳಿಕೊಟ್ಟ ಉತ್ತರದಿಂದ ಯಾವ ವಿದ್ಯಾರ್ಥಿಗೂ ಹಿತವಾದದ್ದನ್ನು ನಾವು ಕಂಡಿಲ್ಲ.

ಆಲ್ಜೈಮರರು ಬರೆದಿಟ್ಟ ಆಗುಸ್ಟೆಯ ಕಡತ ಬಹುಕಾಲ ಕಣ್ಮರೆಯಾಗಿತ್ತು. 1995ರ ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ ಕೊನ್ರಾಡ್ ಮೌರರ್ ಮತ್ತು ಸಂಗಡಿಗರಿಗೆ ಅದು ಸಿಕ್ಕಿತು. 32 ಹಾಳೆಗಳು. ಅವುಗಳಲ್ಲಿ ವೈದ್ಯರ ಕೈಬರಹದ ಪ್ರಶ್ನೆಗಳೂ ಆಕೆಯ ಉತ್ತರಗಳೂ, ಹೆಸರು ಬರೆಯಲು ಹೋಗಿ ಅರ್ಧಕ್ಕೆ ನಿಂತ ಆಕೆಯ ಅಕ್ಷರಗಳೂ ಹಾಗೆಯೇ ಇದ್ದವು. ರೋಗಿಯ ತಪ್ಪು ಉತ್ತರವನ್ನೂ ಬರೆದಿಡಲು ತಕ್ಕದ್ದೆಂದು ಬಗೆದ ಒಬ್ಬ ವೈದ್ಯರಿಂದ ಅರಳುಮರಳಿನ ಒಂದು ಪಾಲಿಗೆ ರೋಗವೆಂಬ ಹೆಸರು ಬಂತು, ರೋಗಿಗೆ ಕರುಣೆ ಸಿಕ್ಕಿತು. ನಮ್ಮ ಮನೆಯ ಹಿರಿಯರು ಅದೇ ಪ್ರಶ್ನೆಯನ್ನು ನಾಲ್ಕನೆಯ ಸಲ ಕೇಳಿದಾಗ ಅಷ್ಟೇ ತಾಳ್ಮೆಯಿಂದ, ಅವರದೇ ಮಾತಿನಲ್ಲಿ ಉತ್ತರಿಸುವುದು ನಮ್ಮೆಲ್ಲರಿಂದ ಆಗತಕ್ಕ ಕೆಲಸ.